ಹರಾಜಿನ ಹಿಂದಿನ ದಿನ: ಬೀರುವಿನ ಬೆನ್ನು, ಖಾನೆಯ ತಳ

ಜನವರಿ 18, 2025, ಶನಿವಾರ
ಬೆಂಗಳೂರು

ನಾಳೆ ಹರಾಜು, ಇವತ್ತು ಸಾಮಾನು ನೋಡುವ ದಿನ. ಪಟ್ಟಿಯಲ್ಲಿ ತೇಗದ ಎರಡು ಬಾಗಿಲಿನ ಬೀರು, ಬೀಟೆಯ ಪೆಟಾರಿ, ಹಳೇ ಲೈಬ್ರರಿಯಲ್ಲಿ ಪುಸ್ತಕಗಳ ವಿವರದ ಕಾರ್ಡು ಜೋಡಿಸಿಡುತ್ತಿದ್ದ 30 ಖಾನೆಯ ಕಾರ್ಡ್ ಕ್ಯಾಟಲಾಗ್, ಒಂದಿಷ್ಟು ಉಕ್ಕಿನ ಬೀರುಗಳು. ಷರತ್ತು ಎಂದಿನದೇ: ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ. ಕೂಗು ನಿಂತ ಮೇಲೆ ಹುಳ ಕಂಡರೂ, ಬೀಗ ಕೆಟ್ಟಿದ್ದರೂ ವಾಪಸಿಲ್ಲ. ಹಾಗಾಗಿ ಅಸಲಿ ಕೆಲಸ ಇವತ್ತೇ ಮುಗಿಯಬೇಕು.

ಜೇಬಿನಲ್ಲಿ ಟಾರ್ಚ್, ಟೇಪು, ಸಣ್ಣ ಆಯಸ್ಕಾಂತ, ಗುಂಡುಸೂಜಿ, ಕಪ್ಪು ಕಾಗದ, ಖೋಟಾ ನೋಟು ಹಿಡಿಯುವ ನೇರಳೆ ದೀಪ ಇದ್ದರೆ ಸಾಕು.

ಬೀರುವನ್ನು ಗೋಡೆಯಿಂದ ಎಳೆಸಿಯೇ ನೋಡಬೇಕು. ಪಾಲಿಶ್ ಹೊಡೆಯುವುದು ಮುಂಭಾಗಕ್ಕೆ, ಸುಳ್ಳು ಸಿಗುವುದು ಬೆನ್ನಿನಲ್ಲಿ. ಬೆನ್ನಿಗೆ ಪ್ಲೈವುಡ್ ಇದ್ದರೆ ಒಂದೋ ಬೀರು ಇಪ್ಪತ್ತನೇ ಶತಮಾನದ್ದು, ಇಲ್ಲವೇ ಹಳೇ ಹಲಗೆ ತೆಗೆದು ಹೊಸದು ಬಡಿದಿದ್ದಾರೆ. ಮೇಲ್ಭಾಗದ ಹಲಗೆಯ ಬಣ್ಣ ಒಂದು, ಕೆಳಭಾಗದ್ದು ಇನ್ನೊಂದು ಎಂದರೆ ಎರಡು ಬೀರುಗಳ ಅವಶೇಷ ಕೂಡಿಸಿದ್ದಾರೆ ಎಂದರ್ಥ. ಕೈಗರಗಸದ ಗೆರೆ ಕಂಡರೆ 1850ಕ್ಕಿಂತ ಹಿಂದಿನದು ಎಂದು ಇಂಗ್ಲಿಷ್ ಪುಸ್ತಕ ಓದಿ ಬಂದವರು ಹೇಳುವುದುಂಟು. ಇಲ್ಲಿ ಆ ಲೆಕ್ಕ ನಡೆಯದು. ಇಬ್ಬರು ಎದುರುಬದುರು ನಿಂತು ಗರಗಸ ಎಳೆದು ದಿಮ್ಮಿ ಸೀಳುವುದು ನಮ್ಮಲ್ಲಿ ಸ್ವಾತಂತ್ರ್ಯದ ನಂತರವೂ ನಡೆದಿತ್ತು. ಮರಕ್ಕಿಂತ ಸ್ಕ್ರೂ ನಂಬಬಹುದು. ಬಿಜಾಗರಿಯಲ್ಲಿ ಪ್ಲಸ್ ತಲೆಯ ಸ್ಕ್ರೂ ಇದ್ದು, ಪಕ್ಕದಲ್ಲಿ ಮುಚ್ಚಿದ ಹಳೇ ತೂತು ಇಲ್ಲದಿದ್ದರೆ, ಅದು 1930ರ ದಶಕಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಹಿತ್ತಾಳೆ ಎಂದು ಹೇಳುವ ಹಿಡಿಕೆಗೆ ಆಯಸ್ಕಾಂತ ಅಂಟಿದರೆ ಅದು ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣ.

ಮುಂಭಾಗದ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು. ವ್ಯತ್ಯಾಸ 5 ಮಿ.ಮೀ. ದಾಟಿದ್ದರೆ ಬೀರು ವಾಲಿದೆ. ನೆಲ ಓರೆಯಿದ್ದರೂ ಹೀಗಾಗುತ್ತದೆ. ಕಾಲಿನ ಕೆಳಗೆ ರಟ್ಟು ಕೊಟ್ಟು ಮಟ್ಟ ಮಾಡಿ ಮತ್ತೆ ಅಳೆದರೆ ಗೊತ್ತಾಗುತ್ತದೆ. ನೇರಳೆ ದೀಪ ಹಿಡಿದಾಗ ಅರಗಿನ ಫ್ರೆಂಚ್ ಪಾಲಿಶ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ, ಈಚಿನ ಪಿಯು (ಪಾಲಿಯುರಿಥೇನ್) ಪಾಲಿಶ್ ಹಾಗೆ ಹೊಳೆಯುವುದಿಲ್ಲ. ಅರಗಾದರೆ ಸ್ಪಿರಿಟ್‌ನಲ್ಲಿ ಕರಗುತ್ತದೆ, ಗೀರು ಬಿದ್ದ ಜಾಗವನ್ನಷ್ಟೇ ರಿಪೇರಿ ಮಾಡಿದರೆ ಸಾಕು. ಪಿಯು ಆದರೆ ಪೂರ್ತಿ ಕೆರೆಯಬೇಕು, ಖರ್ಚು ಬೇರೆಯೇ ಆಗುತ್ತದೆ.

ತೇಗಕ್ಕೆ ಹುಳ ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಕೆಂಚು ತಿರುಳಿಗೆ ಹಿಡಿಯುವುದು ಅಪರೂಪ. ಅಂಚಿನ ಬಿಳಿ ಭಾಗವನ್ನು ಬಿಡುವುದಿಲ್ಲ. ಕಾಸು ಉಳಿಸಲು ಬಡಗಿಗಳು ಆ ಬಿಳಿ ಭಾಗವನ್ನು ಹಿಂದಿನ ಪಟ್ಟಿ, ಕೆಳಗಿನ ಕಟ್ಟುಗಳಿಗೇ ಹಾಕಿರುತ್ತಾರೆ. 1–2 ಮಿ.ಮೀ. ತೂತು ಕಂಡಲ್ಲಿ ಕೆಳಗೆ ಕಪ್ಪು ಕಾಗದ ಹಾಸಿ ಮುಷ್ಟಿಯಿಂದ ಗುದ್ದಬೇಕು. ಗೋಧಿ ಹಿಟ್ಟಿನಂಥ ಪುಡಿ ಉದುರಿ, ತೂತಿನ ಅಂಚು ಇನ್ನೂ ತಿಳಿ ಬಣ್ಣದ್ದಾಗಿದ್ದರೆ ಹುಳ ಬದುಕಿರುವ ಸಂಭವ ಹೆಚ್ಚು. ಅಂಚು ಕಪ್ಪಾಗಿ ಪುಡಿ ಬೀಳದಿದ್ದರೆ ಹಳೇ ಗಾಯ. ಸೂಜಿ ಚುಚ್ಚಿದಾಗ ಸಲೀಸಾಗಿ ಒಳಗಿಳಿದರೆ ಆ ಪಟ್ಟಿ ಬದಲಿಸುವ ಖರ್ಚು ಬರೆದಿಟ್ಟುಕೊಳ್ಳಿ.

ಪೆಟಾರಿಯ ಮುಚ್ಚಳದ ಮೇಲೆ ಮರ ಕೆತ್ತಿ ಬಿಳಿ ಚೂರು ಕೂರಿಸಿದ ಅಲಂಕಾರ (ಇನ್‌ಲೇ) ಇದೆ. ಮೈಸೂರು ಕಡೆಯ ಇಂಥ ಕೆಲಸಗಳಲ್ಲಿ ಹಿಂದೆ ದಂತ ಬಳಸುತ್ತಿದ್ದರು; ದಂತದ ವ್ಯಾಪಾರ ನಮ್ಮಲ್ಲಿ ಕಾನೂನುಬಾಹಿರ, ವಸ್ತು ಎಷ್ಟೇ ಹಳೆಯದಿರಲಿ. ಬಿಳಿ ಚೂರು ಮೂಳೆಯದಾದರೆ ಅದರಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ದಂತದ ಅಡ್ಡಕೊಯ್ತದಲ್ಲಿ ಬಲೆಯಂತೆ ಒಂದರ ಮೇಲೊಂದು ಹಾಯುವ ಗೆರೆಗಳಿರುತ್ತವೆ. ಅನುಮಾನ ಬಂದರೆ ಕೂಗಲೇಬಾರದು, ಎಷ್ಟು ಚೆಂದ ಇದ್ದರೂ. ಬೀಟೆಯೋ ಬಣ್ಣ ಬಳಿದ ಹಲಸೋ ತಿಳಿಯಲು ಪೆಟ್ಟಿಗೆ ಮಗುಚಿ ಪಾಲಿಶ್ ಮುಟ್ಟದ ತಳ ನೋಡಿದರಾಯಿತು. ಇನ್ನು ಇಲ್ಲಿ ಕೊಂಡು ಅಮೆರಿಕಕ್ಕೆ ಸಾಗಿಸುತ್ತೇವೆ ಎನ್ನುವವರಿಗೆ: ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅದಕ್ಕಿಂತ ಹೊಸದಾದರೂ, ಬೀಟೆ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ದೊಡ್ಡ ಪೆಟಾರಿಗೆ ಕಾಗದಪತ್ರ ಬೇಕೇ ಬೇಕು.

ಕಾರ್ಡ್ ಕ್ಯಾಟಲಾಗ್ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಲೈಬ್ರರಿಗಳು ಕಂಪ್ಯೂಟರಿಗೆ ಹೋದ ಮೇಲೆ ಇವು ಗುಜರಿಗೆ ಬಂದವು. ಈಗ ಕೆಫೆಯವರ ಕಣ್ಣು ಬಿದ್ದು ಬೆಲೆ ವಿಪರೀತವಾಗಿದೆ. ಖಾನೆಯ ಅಳತೆ 3×5 ಇಂಚಿನ ಕಾರ್ಡಿಗೆ ಮಾಡಿದ್ದು. ಒಳಗಲ 13 ಸೆಂ.ಮೀ. ಆಸುಪಾಸು. ಪುಸ್ತಕ, ಫೈಲು ಹಿಡಿಸುವುದಿಲ್ಲ. ಬೀಜದ ಪೊಟ್ಟಣ, ಸ್ಕ್ರೂ, ನೂಲಿನ ಉಂಡೆಗೆ ಸರಿ. ಪ್ರತಿ ಖಾನೆಯನ್ನೂ ಪೂರ್ತಿ ಎಳೆದು ಮಗುಚಿ ನೋಡಬೇಕು. ಕೈಯಲ್ಲಿ ಮಾಡಿದ ಖಾನೆ ತನ್ನ ಗೂಡಿಗೆ ಮಾತ್ರ ಸರಿಯಾಗಿ ಕೂರುತ್ತದೆ, ಅದಕ್ಕೇ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲೋ ಉಳಿಯ ಗುರುತಿನಲ್ಲೋ ಸಂಖ್ಯೆ ಇರುತ್ತದೆ. ಇವತ್ತಿನದರಲ್ಲಿ 17 ಮತ್ತು 22 ಅದಲುಬದಲಾಗಿವೆ. 22ರ ಗೂಡಿನಲ್ಲಿ 17 ಬಿಗಿದುಕೊಂಡಿದೆ. ಜೋರಾಗಿ ಎಳೆದಿದ್ದರೆ ಮುಂಭಾಗದಲ್ಲಿ ಒಂದಕ್ಕೊಂದು ಕಚ್ಚಿಸಿದ ಡವ್‌ಟೇಲ್ ಹಲ್ಲುಗಳೇ ಕಿತ್ತು ಬರುತ್ತಿದ್ದವು. ಖಾನೆ ಸಲೀಸಾಗಿ ಬರದಿದ್ದರೆ ಕೆಟ್ಟಿದೆ ಎನ್ನುವ ಮುಂಚೆ ಸಂಖ್ಯೆ ನೋಡಿ. ಕಾರ್ಡುಗಳ ತೂತಿನಲ್ಲಿ ಹಾಯುವ ಹಿತ್ತಾಳೆ ಸರಳು ನಾಲ್ಕು ಖಾನೆಗಳಲ್ಲಿ ಇಲ್ಲ. ಲೇಬಲ್ ಹಿಡಿಕೆ ಹೊಸದು ಹಾಕಿಸಿದರೆ ಹಳೆಯದರ ಪಕ್ಕ ಎದ್ದು ಕಾಣುತ್ತದೆ, ಆದ್ದರಿಂದ ಕಳೆದುಹೋದವನ್ನು ಎಣಿಸಿಯೇ ಬೆಲೆ ಕಟ್ಟಬೇಕು.

ಉಕ್ಕಿನ ಬೀರುಗಳ ಬಗ್ಗೆ ಒಂದೇ ಮಾತು. ಗೋದ್ರೇಜ್ ಬೀರು ಶುರುವಾದದ್ದು 1923ರಲ್ಲಿ. ನೂರೈವತ್ತು ವರ್ಷದ್ದು ಎನ್ನುವ ದಲ್ಲಾಳಿಯನ್ನು ನಕ್ಕು ಬಿಡಿ. ತಳದ ತಗಡನ್ನು ಬೆರಳಲ್ಲಿ ಒತ್ತಿ ನೋಡಿ, ತುಕ್ಕು ಅಲ್ಲಿಂದಲೇ ಏರುವುದು.

ರಾತ್ರಿಯ ಲೆಕ್ಕ. ಸರಿಪಡಿಸಿದ ಬೀರು ಅಂಗಡಿಯಲ್ಲಿ 45,000 ರೂಪಾಯಿಗೆ ಸಿಗುತ್ತದೆ ಎಂದುಕೊಳ್ಳೋಣ. ಪಾಲಿಶ್ 8,000, ಬೀಗ ಬಿಜಾಗರಿ 2,000, ಹುಳದ ಔಷಧ 1,500, ಗಾಡಿ ಮತ್ತು ಹಮಾಲಿ 3,500. ಒಟ್ಟು 15,000 ಕಳೆದರೆ 30,000. ಇದೇ ಕೂಗಿನ ಮಿತಿಯಲ್ಲ. ಹರಾಜಿನವರ ಕಮಿಷನ್ ಶೇ. 10, ಅದರ ಮೇಲೆ ಶೇ. 18 ಜಿಎಸ್‌ಟಿ ಇದ್ದರೆ 30,000ವನ್ನು 1.118ರಿಂದ ಭಾಗಿಸಬೇಕು: 26,800 ಚಿಲ್ಲರೆ. ಸವಾಲು ಸಾವಿರದ ಮೆಟ್ಟಿಲಲ್ಲಿ ಏರುತ್ತಿದ್ದರೆ 26,000ಕ್ಕೆ ಬಾಯಿ ಮುಚ್ಚಬೇಕು. ಸಾಮಾನಿನ ಮೇಲೂ ತೆರಿಗೆ ಇದೆಯೇ, ಎಷ್ಟು ದಿನದ ನಂತರ ಗೋಡೌನ್ ಬಾಡಿಗೆ ಶುರು ಎಂಬುದನ್ನು ಠೇವಣಿ ಕಟ್ಟುವ ಕೌಂಟರಿನಲ್ಲೇ ಕೇಳಿಬಿಡಬೇಕು.

ಜನವರಿ 19, ಭಾನುವಾರ

ಕ್ಯಾಟಲಾಗ್ ಮಿತಿ ದಾಟಿ ಹೋಯಿತು. ಬೀರು ಸಿಕ್ಕಿತು.

ಸಾಗಿಸುವಾಗ ಬಾಗಿಲು ಬಿಚ್ಚಿ, ಬಿಜಾಗರಿಯ ಸ್ಕ್ರೂಗಳನ್ನು ಎಡ–ಬಲ ಎಂದು ಬೇರೆ ಬೇರೆ ಪೊಟ್ಟಣ ಕಟ್ಟಬೇಕು. ಮೇಲಿನ ಅಲಂಕಾರದ ಪಟ್ಟಿ ಹಿಡಿದು ಎತ್ತಲು ಬಿಡಬಾರದು. ಹಳೇ ಬೀರುಗಳಲ್ಲಿ ಅದು ಬರೀ ಗೂಟದ ಮೇಲೆ ಕೂತಿರುತ್ತದೆ. ಹಗ್ಗದ ಕೆಳಗೆ ಕಂಬಳಿ ಇಲ್ಲದಿದ್ದರೆ ಅಂಚಿನಲ್ಲಿ ಗೆರೆ ಬೀಳುತ್ತದೆ.

ಮನೆಯ ಬೇರೆ ಮರದ ಸಾಮಾನಿನ ಹತ್ತಿರ ಈಗಲೇ ಇಡುವುದು ಬೇಡ. 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಅನ್ನು ಒಂದು ಲೀಟರ್ ಬಿಸಿನೀರಲ್ಲಿ ಕರಗಿಸಿ, ಕೈಗವಸು ಹಾಕಿಕೊಂಡು ಬೆನ್ನು, ತಳ, ಒಳಗಿನ ಬರಿ ಮರಕ್ಕೆ ಎರಡು ಸಲ ಬಳಿಯಬೇಕು, ತೂತುಗಳಿಗೆ ಸಿರಿಂಜಿನಲ್ಲಿ ಬಿಡಬೇಕು. ಪಾಲಿಶ್ ಇರುವ ಕಡೆ ಇದು ಇಳಿಯುವುದಿಲ್ಲ. ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿಟ್ಟು ಒಂದು ಮಳೆಗಾಲ ಕಳೆಯುವವರೆಗೆ ಪುಡಿ ಬೀಳುತ್ತದೆಯೇ ಎಂದು ನೋಡಬೇಕು. ಫ್ರೆಂಚ್ ಪಾಲಿಶ್ ಮಾತ್ರ ಮೇ ಒಳಗೇ ಮುಗಿಸುವುದು ಒಳ್ಳೆಯದು. ತೇವದ ಗಾಳಿಯಲ್ಲಿ ಹೊಡೆದರೆ ಮೈಮೇಲೆ ಬಿಳಿ ಮಬ್ಬು ಕೂರುತ್ತದೆ, ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಹೊಡೆಯಬೇಕಾಗುತ್ತದೆ.