ಯಾವ ಸೇತುವೆ?

13 ಮಾರ್ಚ್ 2024, ಬುಧವಾರ
ಕೆರೆತಾರೊ, ಮೆಕ್ಸಿಕೊ, ರಾತ್ರಿ 10.40

ಕಾರಿನ ಗಾಜಿನ ಮೇಲಿರುವ ಪರ್ಮಿಟ್ ಸ್ಟಿಕರ್‌ನ ಒಂದು ಮೂಲೆ ಎದ್ದಿದೆ. ಪುಟ್ಟಿಯನ್ನು ಸ್ಕೂಲಿಂದ ಕರೆದುಕೊಂಡು ಬರುವಾಗ ಕಣ್ಣಿಗೆ ಬಿತ್ತು. ಎರಡು ವರ್ಷದ ಬಿಸಿಲಿಗೆ ಅಂಟು ಒಣಗಿ, ಅಂಚು ಒಳಕ್ಕೆ ಸುರುಳಿಯಾಗಿದೆ. ಹೊಳೆಯುವ ಪದರದ ಕೆಳಗೆ ಒಂದು ಸಾಲು ಧೂಳು ಕೂತಿದೆ. ಬೆರಳಿನಿಂದ ಒತ್ತೋಣ ಎಂದು ಕೈ ಹೋಯಿತು. ಹರಿದರೆ ಏನು ಗತಿ ಎಂದು ಹಾಗೇ ಬಿಟ್ಟೆ.

ಅದನ್ನು ನಾವು ಕೀಳುವ ಹಾಗಿಲ್ಲ. ಗಡಿಯಲ್ಲಿ ಬಾನ್ಹೆರ್ಸಿತೊ (ಇಲ್ಲಿನ ಸೇನೆಯ ಬ್ಯಾಂಕು) ಕೌಂಟರಿನವರೇ ಬಂದು ಕಿತ್ತು, ರಸೀದಿ ಕೊಡಬೇಕು. ಟೆಕ್ಸಾಸ್ ನಂಬರಿನ ಕಾರು ಈ ದೇಶದಲ್ಲಿ ಇಷ್ಟು ದಿನ ಓಡಾಡಿದ್ದು ಆ ಪರ್ಮಿಟ್ ಮೇಲೆ. ಬರುವಾಗ 400 ಡಾಲರ್ ಠೇವಣಿ ಕಟ್ಟಿದ್ದೆವು, 2007ರ ನಂತರದ ಮಾಡೆಲ್‌ಗೆ ಅಷ್ಟು. ವಾಪಸ್ ಮಾಡದೆ ದಾಟಿದರೆ ದುಡ್ಡು ಹೋಗುತ್ತದೆ, ಮುಂದೆ ಇನ್ನೊಂದು ಗಾಡಿ ತರುವುದಕ್ಕೂ ಆಗುವುದಿಲ್ಲ. ನಮ್ಮ ಪರಿಚಯದ ಒಬ್ಬರು ಕಳೆದ ವರ್ಷ ಲಾರೆದೊ ಸೇತುವೆಯ ಹತ್ತಿರ ಒಂದು ತಿರುವು ತಪ್ಪಿಸಿಕೊಂಡರು. ಹಿಂದೆ ಲೈನು, ಮುಂದೆ ಲೈನು, ತಿರುಗಿಸಲು ಜಾಗವೇ ಇಲ್ಲ. ಸೀದಾ ಅಮೆರಿಕಕ್ಕೆ ಹೋಗಿಬಿಟ್ಟರು. ಮಾರನೇ ದಿನ ಸ್ಟಿಕರ್ ಕೊಡಲು ಮತ್ತೆ ಮೆಕ್ಸಿಕೊಗೆ ಬಂದು, ಮತ್ತೆ ಅದೇ ಲೈನಿನಲ್ಲಿ ನಿಂತರು. ಆ ಅಕ್ಕ ಹೇಳಿದ್ದು ಇವತ್ತು ಇಡೀ ದಿನ ತಲೆಯಲ್ಲಿ ಓಡುತ್ತಿದೆ.

ಪೆಟ್ಟಿಗೆ ಕಟ್ಟುವುದು ಅರ್ಧ ಆಗಿದೆ. ಆದರೆ ಅಮೆರಿಕಕ್ಕೆ, ಆಸ್ಟಿನ್‌ಗೆ ಯಾವ ದಾರಿಯಲ್ಲಿ ಹೋಗುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ.

ಇವರದು ಮೊದಲಿಂದಲೂ ಒಂದೇ ಮಾತು: ಬಂದ ದಾರಿಯಲ್ಲೇ ಹೋಗೋಣ. 57ನೇ ಹೆದ್ದಾರಿಯಲ್ಲಿ ಸಾನ್ ಲೂಯಿಸ್ ಪೊತೊಸಿ, ಮಾತೆವಾಲ, ಸಾಲ್ತಿಯೊ. ಅಲ್ಲಿಂದ ಮೊಂತೆರ್ರೇ ದಾಟಿ ನುಯೆವೊ ಲಾರೆದೊ, ಎರಡನೇ ನಂಬರ್ ಸೇತುವೆ. ಆ ಕಡೆ ಇಳಿದರೆ ಅಮೆರಿಕದ ಐ-35 ಹೆದ್ದಾರಿ ಅಲ್ಲೇ ಶುರು, ಆಸ್ಟಿನ್‌ವರೆಗೆ ಒಂದೇ ರಸ್ತೆ. ನನಗೆ ಲಾರೆದೊ ಹೆಸರು ಕೇಳಿದರೇ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಈ ಕಡೆಯ ನುಯೆವೊ ಲಾರೆದೊ ಇರುವುದು ತಮಾವ್ಲಿಪಾಸ್ ರಾಜ್ಯದಲ್ಲಿ. ಅಮೆರಿಕ ಸರ್ಕಾರದ ಪ್ರಯಾಣ ಸಲಹೆಯಲ್ಲಿ ನಾಲ್ಕನೇ ಹಂತ, ಅಂದರೆ ಹೋಗಲೇಬೇಡಿ ಎಂದು. ದಿನಾ ಸಾವಿರಾರು ಜನ ದಾಟುತ್ತಾರೆ, ನಿಜ. ಬರುವಾಗ ನಾವೂ ಏನೂ ಆಗದೆ ಬಂದೆವು, ಅದೂ ನಿಜ. ಆಗ ಪುಟ್ಟಿ ಸೀಟಿನಲ್ಲಿ ಮಲಗಿದ್ದಳು. ಈಗ ಅವಳಿಗೆ ಆರು ವರ್ಷ, ಎಲ್ಲವನ್ನೂ ಕೇಳುತ್ತಾಳೆ, ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾಳೆ.

ಇನ್ನೊಂದು ದಾರಿ ಸಾಲ್ತಿಯೊದಿಂದ 57ನ್ನೇ ಹಿಡಿದು ಮೊಂಕ್ಲೋವಾ ಮೇಲೆ ಪಿಯೆದ್ರಾಸ್ ನೆಗ್ರಾಸ್, ಆ ಕಡೆ ಈಗಲ್ ಪಾಸ್. ನಾನು ಅದನ್ನೇ ಹಿಡಿದು ಕೂತಿದ್ದೆ. ಆದರೆ ನವೆಂಬರ್ ಕೊನೆಯಲ್ಲಿ ಅಲ್ಲಿನ ಒಂದು ಸೇತುವೆಯಲ್ಲಿ ಗಾಡಿಗಳನ್ನು ನಿಲ್ಲಿಸಿದವರು ಮತ್ತೆ ಬಿಟ್ಟಿದ್ದು ಜನವರಿ 4ಕ್ಕೆ. ವಲಸೆ ಬಂದವರ ಗಲಾಟೆ ದಿನಾ ಸುದ್ದಿಯಲ್ಲಿ ಬರುತ್ತಲೇ ಇದೆ. ಎರಡು ದಿನ ಓಡಿಸಿಕೊಂಡು ಹೋದ ಮೇಲೆ ಅಲ್ಲಿ ಇವತ್ತು ಬಂದ್ ಎಂದರೆ?

ಸಂಜೆ ದೋನ್ ಬೇತೋ ಗೇಟಿನ ಹತ್ತಿರ ಸಿಕ್ಕರು. ಕರಿಬೇವಿನ ಕುಂಡವನ್ನು ಅವರಿಗೇ ಕೊಡುತ್ತಿದ್ದೇನೆ. ಗಡಿಯಲ್ಲಿ ಗಿಡ ಬಿಡುವುದಿಲ್ಲ, ಕರಿಬೇವಿನ ಎಲೆಯನ್ನೂ ಬಿಡುವುದಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ತರುವ ಹುಳ ಇದರ ಮೇಲೂ ಇರುತ್ತದಂತೆ. ಅವರು ಟ್ರೇಲರ್ ಓಡಿಸಿ ರಿಟೈರ್ ಆದವರು, ಲಾರೆದೊಗೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವೇ ಇಲ್ಲ. ಶನಿವಾರ ಹೊರಡುತ್ತೇವೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಶನಿವಾರ ಪುವೆಂತೆ, ಮಗಳೇ."

ನನಗೆ ಅರ್ಥ ಆಗಲಿಲ್ಲ. ಪುವೆಂತೆ ಎಂದರೆ ಸೇತುವೆ ಅಲ್ವಾ? ಹೌದು, ಸೇತುವೆ ಬಗ್ಗೆಯೇ ಮಾತಾಡುತ್ತಿದ್ದೇನೆ ಎಂದೆ. ಅವರು ಬೆರಳು ಮಡಚಿ ತೋರಿಸಿದರು: ಶನಿವಾರ, ಭಾನುವಾರ, ಸೋಮವಾರ. ಸೋಮವಾರ ಬೆನಿತೊ ಹುವಾರೆಸ್ ಹುಟ್ಟುಹಬ್ಬದ ರಜೆ. ಹೀಗೆ ಸಾಲಾಗಿ ಬರುವ ರಜೆಗೂ ಇಲ್ಲಿ ಪುವೆಂತೆ ಎಂದೇ ಹೆಸರು. ಎರಡು ವರ್ಷ ಇದ್ದು ಇವತ್ತು ಗೊತ್ತಾಯಿತು. ಆ ಮೂರು ದಿನ ಊರಿಗೆ ಊರೇ ಟೆಕ್ಸಾಸ್‌ಗೆ ಶಾಪಿಂಗ್ ಹೊರಡುತ್ತದೆ. ಅದರ ಮುಂದಿನ ವಾರ ಸೆಮಾನಾ ಸಾಂತಾ, ಈಸ್ಟರ್ ರಜೆ, ಇನ್ನೂ ಜಾಸ್ತಿ. ನಡುವೆ ಇರುವುದು ನಾಲ್ಕೇ ದಿನ. "ಮಂಗಳವಾರ ಹೊರಡಿ" ಎಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಲಾರೆದೊ ಊರೊಳಗೆ ಹೋಗಬೇಡಿ, ಕೊಲಂಬಿಯಾ" ಎಂದರು.

ಕೊಲಂಬಿಯಾ ಸೇತುವೆ ಮ್ಯಾಪಿನಲ್ಲಿ ನೋಡಿದ್ದೆ. ಲಾರೆದೊದಿಂದ ವಾಯವ್ಯಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಮೇಲಕ್ಕೆ ಹೋಗಿ ಸುತ್ತು ಯಾಕೆ ಎಂದು ಬಿಟ್ಟಿದ್ದೆ. ಅದು ತಮಾವ್ಲಿಪಾಸ್‌ನಲ್ಲಿ ಇಲ್ಲವೇ ಇಲ್ಲ. ನುಯೆವೊ ಲಿಯೋನ್ ರಾಜ್ಯ ಅಮೆರಿಕವನ್ನು ಮುಟ್ಟುವುದು ಸುಮಾರು 15 ಕಿಲೋಮೀಟರ್ ಮಾತ್ರ, ಅಲ್ಲಿರುವುದು ಆ ಒಂದೇ ಸೇತುವೆ. 1991ರಲ್ಲಿ ಕಟ್ಟಿದ್ದು. ಬೆಳಿಗ್ಗೆ 8ಕ್ಕೆ ತೆರೆದು ರಾತ್ರಿ 12ಕ್ಕೆ ಮುಚ್ಚುತ್ತಾರೆ. ಬಾನ್ಹೆರ್ಸಿತೊ ಕೌಂಟರ್ ಸೇತುವೆಯ ಬಾಯಲ್ಲೇ ಇದೆ. ಪರ್ಮಿಟ್ ತಗೊಂಡಿದ್ದು ಎಲ್ಲೇ ಆಗಿರಲಿ, ಗಡಿಯ ಯಾವ ಕೌಂಟರಿನಲ್ಲಿ ಬೇಕಾದರೂ ವಾಪಸ್ ಮಾಡಬಹುದು. ಆ ಕಡೆ ಇಳಿದರೆ 255ನೇ ರಸ್ತೆ, 35 ಕಿಲೋಮೀಟರ್ ಕುರುಚಲು ಕಾಡಿನ ನಡುವೆ ಹೋಗಿ ಐ-35 ಸೇರುತ್ತದೆ, ಲಾರೆದೊ ಪೇಟೆ ಮುಟ್ಟುವ ಹಾಗೇ ಇಲ್ಲ.

ಇವರಿಗೆ ಹೇಳಿದೆ. "ಸುತ್ತು ಆಗುತ್ತಲ್ಲ" ಎಂದರು. ಬೇಜಾರಾಯಿತು. ಬೇಜಾರಾಗುವ ಮಾತೇನೂ ಅಲ್ಲ ಅದು, ಆದರೂ ಆಯಿತು.

ಎಂಟೂವರೆಗೆ ಅಪ್ಪನಿಗೆ ಫೋನ್ ಹಚ್ಚಿದೆ. ಹಾಸನದಲ್ಲಿ ಬೆಳಿಗ್ಗೆ ಎಂಟು, ಅಪ್ಪ ಪೇಪರ್ ಓದಿ ಮುಗಿಸಿರುತ್ತಾರೆ. 31 ವರ್ಷ ಕೆಎಸ್ಆರ್‌ಟಿಸಿಯಲ್ಲಿ ಸ್ಟೇರಿಂಗ್ ಹಿಡಿದವರು, ಜಾಸ್ತಿ ಓಡಿಸಿದ್ದು ಮಂಗಳೂರು ರೂಟು. ಹೆದರಬೇಡ ಎಂದು ಎಲ್ಲರ ಹಾಗೆ ಅಪ್ಪ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

"ಒಟ್ಟು ಎಷ್ಟು ಕಿಲೋಮೀಟರ್‌ನವ್ವಾ?"

ಸಾವಿರದ ಹತ್ತಿರ ಎಂದೆ.

"ಅದು ಬಿಡು. ಕೊನೇ ಹತ್ತು ಕಿಲೋಮೀಟರ್ ಹೆಂಗಿದೆ?"

ಹೇಳಿದೆ. ಲಾರೆದೊದಲ್ಲಿ ಊರು, ಸಿಗ್ನಲ್ಲು, ಲಾರಿಗಳು, ಸ್ಟಿಕರ್ ಕೊಡುವ ಜಾಗ ಹೊಳೆ ದಂಡೆಯಲ್ಲಿ ಸೇತುವೆಯ ಕೆಳಗೆ, ತಿರುವು ತಪ್ಪಿದರೆ ಸೇತುವೆಯ ಲೈನಿಗೇ ಸೇರಿಕೊಳ್ಳುತ್ತೇವೆ. ಕೊಲಂಬಿಯಾದಲ್ಲಿ ಖಾಲಿ ಬಯಲು.

"ಅಂದ್ರೆ ಒಂದ್ರಲ್ಲಿ ಹಿಂದಕ್ಕೆ ತಿರುಗಿಸೋಕೆ ಜಾಗ ಇಲ್ಲ, ಇನ್ನೊಂದ್ರಲ್ಲಿ ಇದೆ."

ನಾನು ಸುಮ್ಮನಾದೆ. ವಾರದಿಂದ ಹಗಲೂ ರಾತ್ರಿ ಮ್ಯಾಪ್ ನೋಡಿದ್ದೇನೆ, ಇದನ್ನು ಈ ಥರ ಯೋಚನೆ ಮಾಡಿರಲಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ಮಳೆಗಾಲ ಒಂದು ನೆನಪಿದೆ. ಅಪ್ಪ ಎರಡು ದಿನ ಮನೆಗೆ ಬಂದಿರಲಿಲ್ಲ. ಚಾರ್ಮಾಡಿ ಮೇಲೆ ಹೋಗಿಬಿಡೋಣ ಎಂದು ಪ್ಯಾಸೆಂಜರ್‌ಗಳು ಗಲಾಟೆ ಮಾಡಿದರಂತೆ. ಆ ಕತ್ತಲೆಯಲ್ಲಿ, ಆ ಮಳೆಯಲ್ಲಿ, ಆ ತಿರುವುಗಳಲ್ಲಿ ಎದುರಿಗೆ ಲಾರಿ ಬಂದರೆ ಬಸ್ಸು ಹಿಂದಕ್ಕೆ ತೆಗೆಯುವುದು ಹೇಗೆ ಎಂದು ಅಪ್ಪ ಗುಂಡ್ಯದಲ್ಲೇ ನಿಲ್ಲಿಸಿಕೊಂಡರು. ಬೆಳಗಾದ ಮೇಲೆ ಹೊರಟರು. ಅಮ್ಮ ಆ ಎರಡು ರಾತ್ರಿ ಬಾಗಿಲಿಗೆ ಚಿಲಕ ಹಾಕಲಿಲ್ಲ. ಆಗ ಫೋನ್ ಎಲ್ಲಿತ್ತು.

"ಅಳಿಯಂದ್ರು ಒಂದೇ ಸಮ ಎಷ್ಟು ಗಂಟೆ ಓಡಿಸ್ತಾರೆ?"

ಮೂರು ಎಂದೆ. ನಾನೂ ಓಡಿಸುತ್ತೇನೆ ಎಂದೆ. ಅದಕ್ಕೆ ಏನೂ ಹೇಳಲಿಲ್ಲ, ಆದರೆ ಖುಷಿ ಆಯಿತು ಅಂತ ನನಗೆ ಗೊತ್ತಾಯಿತು.

ರಾತ್ರಿ ಎಲ್ಲಿ ಉಳಿಯುವುದು ಎಂಬುದರ ಮೇಲೆ ಅರ್ಧ ಗಂಟೆ ಮಾತಾಯಿತು. ನಾನು ಮಾತೆವಾಲ ಎಂದುಕೊಂಡಿದ್ದೆ, ಹೆಚ್ಚುಕಮ್ಮಿ 390 ಕಿಲೋಮೀಟರ್, ಆರಾಮ. ಅಪ್ಪ ಬೇಡ ಎಂದರು. ಮೊದಲ ದಿನ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ, ಆ ದಿನ ಜಾಸ್ತಿ ಓಡಿಸಿ. ಕಾಗದ ಪತ್ರದ ದಿನ ಸ್ಟೇರಿಂಗ್ ಕಡಿಮೆ ಇರಬೇಕು. ಹಾಗಾದರೆ ಸಾಲ್ತಿಯೊ, ಸುಮಾರು 650. ಕತ್ತಲಾಗುವ ಮೊದಲು ರೂಮು ಸೇರಬೇಕು. ಸಾಲ್ತಿಯೊದಿಂದ ಮೊಂತೆರ್ರೇ ಕಡೆಗೆ ಬೆಳಗಿನ ಹೊತ್ತು ಮಂಜು ಇರುತ್ತದೆ ಎಂದು ದೋನ್ ಬೇತೋ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಬಿಸಿಲು ಬರೋತನಕ ತಿಂಡಿ ತಿನ್ನಿ" ಎಂದರು. ಮೊಂತೆರ್ರೇ ಊರೊಳಗೆ ಹೋಗದೆ ಹೊರಗಿನ ಟೋಲ್ ರಸ್ತೆ. ಲಾರೆದೊ ಬರುವ ಮೊದಲೇ ಕೊಲಂಬಿಯಾ ಬೋರ್ಡು ನೋಡಿ ಎಡಕ್ಕೆ.

ಇನ್ನೊಂದು ವಿಷಯ. ಇಲ್ಲಿ 2022ರಿಂದ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ಅಮೆರಿಕದಲ್ಲಿ ಈ ಭಾನುವಾರ ಒಂದು ಗಂಟೆ ಮುಂದೆ ಇಟ್ಟರು, ಗಡಿಯ ಊರುಗಳೂ ಅವರ ಜೊತೆ. ನಮ್ಮ 11 ಗಂಟೆ ಅಲ್ಲಿ 12. ಅಪ್ಪ ಇದನ್ನು ಬರೆದುಕೊಂಡರು, ಪೆನ್ನಿನ ಸದ್ದು ಕೇಳಿಸಿತು.

ಮಾತೆವಾಲ ಸಿಗುವ ಮೊದಲು ಕರ್ಕಾಟಕ ಸಂಕ್ರಾಂತಿ ವೃತ್ತ ದಾಟುತ್ತೇವೆ, ರಸ್ತೆ ಪಕ್ಕ ಗುರುತು ಇದೆ. ಬರುವಾಗ ಅಲ್ಲಿ ಇಳಿದು ಫೋಟೊ ತೆಗೆದಿದ್ದೆವು. ಆಗ ಇಲ್ಲಿಂದ ಕೆಳಗೆ ನಮ್ಮೂರಿನ ಬಿಸಿಲು ಎಂದು ಇವರು ಹೇಳಿದ್ದರು. ಅಮೆರಿಕದ ವೀಸಾ ಲಾಟರಿಯಲ್ಲಿ ಮೂರು ಸಲ ತಪ್ಪಿ ಮುಖ ಸಣ್ಣದು ಮಾಡಿಕೊಂಡು ಬಂದವರು ನಾವು. ಈ ಊರು ಒಂದು ದಿನವೂ ನಮ್ಮನ್ನು ಹೊರಗಿನವರು ಎಂದು ನೋಡಲಿಲ್ಲ. ಈಗ ಎಲ್-1 ವೀಸಾ ಕೈಗೆ ಬಂದಿದೆ, ಖುಷಿಯಾಗಿಯೇ ಹೋಗಬೇಕು. ಸಂತೆಯ ಆ ಟೊರ್ಟಿಯಾ ಅಜ್ಜಿಗೆ ಇನ್ನೂ ಹೇಳಿಲ್ಲ, ಹೇಳಲು ಬಾಯಿ ಬರುತ್ತಿಲ್ಲ.

ಹತ್ತು ಗಂಟೆಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, ಬಸ್ಸಿನ ಬೋರ್ಡಿನ ಹಾಗೆ. ಮೇಲೆ ಕೆರೆತಾರೊ, ಕೆಳಗೆ ಕೊಲಂಬಿಯಾ, ನಡುವೆ "ಮಾರ್ಗ: ಸಾನ್ ಲೂಯಿಸ್, ಮಾತೆವಾಲ, ಸಾಲ್ತಿಯೊ (ತಂಗುವುದು)". ಇವರಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಫೋನ್ ವಾಪಸ್ ಕೊಡುತ್ತಾ "ಐ-94 ಎಂಟ್ರಿ ಫಾರಂ ಇವತ್ತೇ ಆನ್‌ಲೈನ್ ತುಂಬಿಬಿಡೋಣ, ತಲೆಗೆ ಆರು ಡಾಲರ್. ಗಡಿ ದಾಟೋ ಪೋರ್ಟ್ ಯಾವುದು ಅಂತ ಬರೀಲಿ?" ಎಂದರು. ಕೊಲಂಬಿಯಾ ಎಂದೆ. ಏನೂ ಹೇಳದೆ ಬರೆದರು.

ಅಪ್ಪನ ಮೆಸೇಜ್ ಈಗ ಇನ್ನೊಂದು ಬಂತು. ಆ ಸೇತುವೆ ಹತ್ತಿರ ಗಾಡಿ ನಿಲ್ಲಿಸಿ ಮಗುವಿಗೆ ಏನಾದರೂ ತಿನ್ನಿಸಲು ಹೋಟೆಲ್ ಇದೆಯಾ, ಟಾಯ್ಲೆಟ್ ಇದೆಯಾ ಎಂದು ಕೇಳಿದ್ದಾರೆ. ಅದನ್ನು ವಿಚಾರಿಸಲೇ ಇಲ್ಲ. ನಾಳೆ ಕುಂಡ ಕೊಡುವಾಗ ದೋನ್ ಬೇತೋನ ಕೇಳಬೇಕು, ಹಾಗೇ ಆ ಸ್ಟಿಕರ್ ಮೂಲೆಗೆ ಟೇಪ್ ಅಂಟಿಸಬಹುದಾ ಅಂತಲೂ