ಜಪಾನಿನ ಮನೆ ಅಳಿಯಂದಿರು

ನನ್ನ ಮಗ ನೋಡುವ ಜಪಾನಿ ಕಾರ್ಟೂನುಗಳಲ್ಲಿ ಕುಲ ಅಂದರೆ ಪೂರಾ ರಕ್ತದ ವ್ಯವಹಾರ. ಒಂದು ಕುಲದವರಿಗೆ ಕಣ್ಣಲ್ಲಿ ಶಕ್ತಿ, ಇನ್ನೊಂದು ಕುಲದವರಿಗೆ ನೆರಳು ಆಡಿಸುವ ವಿದ್ಯೆ. ಆ ಹೊಟ್ಟೆಯಲ್ಲಿ ಹುಟ್ಟಿದರೆ ಬಂತು, ಇಲ್ಲದಿದ್ದರೆ ಇಲ್ಲ. ಡ್ರ್ಯಾಗನ್ ಕಥೆಗಳಲ್ಲೂ ಅದೇ ಹಾಡು. ಕೊನೆಗೆ ಆ ಅನಾಥ ಹುಡುಗ ರಾಜನ ಮಗನೇ ಆಗಿರುತ್ತಾನೆ. ಬರೆಯುವವರಿಗೆ ಇದು ಸಲೀಸು, ಒಪ್ಪುತ್ತೇನೆ.

ನನಗೆ ಮಾತ್ರ ಸ್ವಲ್ಪ ಉರಿಯುತ್ತದೆ. ಯಾಕಂದರೆ ನಾನು ಮನೆ ಅಳಿಯ. ಹುಟ್ಟಿದ್ದು ಸಿಂಧನೂರು ಕಡೆ, ಈಗ ಕಾರಟಗಿಯಲ್ಲಿ ಮಾವನವರ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತೇನೆ. ಭತ್ತ ನಾಟಿ ಶುರುವಾದರೆ ಯೂರಿಯಾ ಬಿಲ್ಲು ಬರೆಯುವವನು ನಾನು, ಉದ್ರಿ ವಸೂಲಿಗೆ ಕ್ಯಾಂಪು ಕ್ಯಾಂಪು ತಿರುಗುವವನೂ ನಾನು. ಆದರೂ ಹಳೇ ಗಿರಾಕಿಗಳು ಬಂದು ಕೇಳುವುದು, "ಅಳ್ಯಾರ, ಸಾವ್ಕಾರ್ರು ಎಲ್ಲಿ ಹೋಗ್ಯಾರ್ರೀ?"

ಹಾಗಾಗಿ ಜಪಾನಿನ ನಿಜವಾದ ಇತಿಹಾಸ ಓದಿದಾಗ ಭಾಳ ಖುಷಿಯಾಯಿತು. ಅಲ್ಲಿ ಮನೆ ಉಳಿಯಬೇಕು, ಹೆಸರು ಉಳಿಯಬೇಕು. ರಕ್ತ ಆಮೇಲಿನ ಮಾತು. ಗಂಡುಮಕ್ಕಳಿಲ್ಲದವರು ಮಗಳಿಗೆ ವರ ನೋಡಿ, ಅವನನ್ನೇ ದತ್ತು ತೆಗೆದುಕೊಂಡು, ಮನೆ ಹೆಸರು ಕೊಟ್ಟು ಯಜಮಾನ ಮಾಡುತ್ತಿದ್ದರು. ಅಂಥವನು ಮುಕೋಯೋಶಿ. ಸಮುರಾಯಿಗಳಷ್ಟೇ ಅಲ್ಲ, ವ್ಯಾಪಾರಸ್ಥರೂ ಹೀಗೇ. ಮಗ ದಡ್ಡ ಅನ್ನಿಸಿದರೆ ಅಂಗಡಿಯ ಚುರುಕು ಗುಮಾಸ್ತನನ್ನು ಅಳಿಯ ಮಾಡಿಕೊಂಡು ಗಲ್ಲಾ ಕೀಲಿ ಅವನ ಕೈಗೇ ಕೊಡುತ್ತಿದ್ದರು.

ಉಯೆಸುಗಿ ಕೆನ್‌ಶಿನ್‌ನನ್ನೇ ನೋಡಿ. ಹದಿನಾರನೇ ಶತಮಾನದ ಸಮುರಾಯಿ ಸರದಾರ, ವಿಡಿಯೋ ಗೇಮುಗಳಲ್ಲಿ ಭಾರೀ ಹೆಸರು. ಹುಟ್ಟಿದ್ದು ನಾಗಾವೊ ಮನೆಯಲ್ಲಿ. ಉಯೆಸುಗಿ ಯಜಮಾನ ನೋರಿಮಾಸ, ಎದುರಾಳಿ ಮನೆತನವಾದ ಹೋಜೋಗಳ ಏಟು ತಾಳಲಾರದೆ ಇವನ ಆಸರೆಗೆ ಬಂದ. 1561ರಲ್ಲಿ ತನ್ನ ಮನೆ ಹೆಸರನ್ನೇ ಇವನಿಗೆ ಕೊಟ್ಟ. ಅಂದರೆ ಗೇಮಿನಲ್ಲಿ ಹುಡುಗರು ಕೂಗುವ ಆ 'ಉಯೆಸುಗಿ' ದತ್ತಿನಿಂದ ಬಂದದ್ದು. ಮಗನಿಗೆ ಹೇಳಿದರೆ "ಅವನಿಗೆ ಪವರ್ ಏನಿತ್ತಪ್ಪಾ?" ಅಂದ. ಸಹಿ ಹಾಕುವ ಪವರ್ ಅಂದೆ.

ಕೆನ್‌ಶಿನ್ ಮದುವೆಯಾಗಲಿಲ್ಲ. ಅವನಿಗೂ ದತ್ತುಮಕ್ಕಳೇ. ಒಬ್ಬ ಅಕ್ಕನ ಮಗ ಕಾಗೆಕಾತ್ಸು, ಇನ್ನೊಬ್ಬ ಅದೇ ಹೋಜೋಗಳ ಮನೆಯಿಂದ ರಾಜಿಗಾಗಿ ಬಂದ ಕಾಗೆತೋರ. 1578ರಲ್ಲಿ ಕೆನ್‌ಶಿನ್ ಸತ್ತದ್ದೇ ತಡ, ಇಬ್ಬರೂ ಬಡಿದಾಡಿದರು. ಮರುವರ್ಷ ಕಾಗೆತೋರ ಸತ್ತ. ಇದರ ಮುಂದೆ ನಮ್ಮ ದಾಯಾದಿಗಳು ತಹಶೀಲ್ದಾರ್ ಕಚೇರಿಗೆ ಅಲೆಯುವುದು ಪುಣ್ಯದ ಕೆಲಸ.

ಆಮೇಲೆ ಜಪಾನು ಆಳಿದ ತೊಕುಗಾವಾ ಮನೆತನದ ಕಾಲದಲ್ಲಿ ಇನ್ನೊಂದು ಫಜೀತಿ. ವಾರಸುದಾರನಿಲ್ಲದೆ ಡೈಮ್ಯೋ, ಅಂದರೆ ಸಂಸ್ಥಾನದ ಒಡೆಯ, ಸತ್ತರೆ ಸಂಸ್ಥಾನ ಜಪ್ತಿ. ಸಾಯುವ ಹೊತ್ತಲ್ಲಿ ದತ್ತು ತೆಗೆದುಕೊಂಡರೆ ಒಪ್ಪುತ್ತಿರಲಿಲ್ಲ. ಕಿತ್ತೂರಿನ ಕಥೆ ನೆನಪಾಗುತ್ತದೆ ಅಲ್ವಾ? ಮನೆಗಳು ಮುಳುಗಿದಂತೆಲ್ಲ ಒಡೆಯನಿಲ್ಲದ ಸಮುರಾಯಿಗಳು ಜಾಸ್ತಿಯಾದರು. 1651ರಲ್ಲಿ ಅವರ ಸಂಚೊಂದು ಬಯಲಾದ ಮೇಲೆ ಸರ್ಕಾರ ಹೆದರಿ ನಿಯಮ ಸಡಿಲಿಸಿತು, ಅದೂ 50 ವರ್ಷದೊಳಗಿನ ಡೈಮ್ಯೋಗಳಿಗೆ.

ಆನೆಗೊಂದಿ ಕಡೆ ಹೋದಾಗೆಲ್ಲ ನನಗೆ ಅಳಿಯ ರಾಮರಾಯ ನೆನಪಾಗುತ್ತಾನೆ. ಕೃಷ್ಣದೇವರಾಯನ ಅಳಿಯ. ಸದಾಶಿವರಾಯ ಹೆಸರಿಗೆ ರಾಜ, ಆಳಿದ್ದು ಇವನು. 1565ರಲ್ಲಿ ರಣರಂಗದಲ್ಲಿ ತಲೆ ಕೊಟ್ಟ. ಅಷ್ಟಾದರೂ ತುಳುವ ವಂಶದೊಳಗೆ ಜಾಗ ಸಿಗಲಿಲ್ಲ. ಅವನ ತಮ್ಮ ತಿರುಮಲ ಪಟ್ಟಕ್ಕೆ ಬಂದಾಗ ಬೇರೆ ವಂಶವೇ ಶುರುವಾಯಿತು, ಅರವೀಡು. ಅದೇ ಜಪಾನಿನಲ್ಲಾಗಿದ್ದರೆ ರಾಮರಾಯ ತುಳುವನೇ ಆಗಿಬಿಡುತ್ತಿದ್ದನೇನೋ.

ಹಾಗಂತ ಅಲ್ಲಿ ದತ್ತು ಹೋದವರೆಲ್ಲ ಸುಖವಾಗಿದ್ದರು ಅಂತಲ್ಲ. ರೈತರ ಮನೆಯಲ್ಲಿ ಹುಟ್ಟಿ ದೇಶ ಆಳಿದ ತೊಯೊತೋಮಿ ಹಿದೆಯೋಶಿ, ಎಳೆ ಮಗ ತೀರಿಕೊಂಡಾಗ ಅಕ್ಕನ ಮಗ ಹಿದೆತ್ಸುಗುವನ್ನು ವಾರಸುದಾರ ಮಾಡಿದ. 1593ರಲ್ಲಿ ಹಿದೆಯೋಶಿಗೆ ಮತ್ತೊಬ್ಬ ಮಗ ಹುಟ್ಟಿದ. ಎರಡೇ ವರ್ಷ. ಹಿದೆತ್ಸುಗುವಿನ ಮೇಲೆ ದ್ರೋಹದ ಆಪಾದನೆ ಬಂತು. ಕೋಯಾ ಬೆಟ್ಟದಲ್ಲಿ ಹೊಟ್ಟೆ ಸೀಳಿಕೊಂಡು ಸತ್ತ. ಅವನ ಹೆಂಡಿರು ಮಕ್ಕಳನ್ನು ಕ್ಯೋಟೋದ ಹೊಳೆ ದಂಡೆಯಲ್ಲಿ ಸಾಲಾಗಿ ಕೊಂದರು.

ಇದನ್ನು ಮಾವನವರಿಗೆ ಹೇಳಿದೆ. ಅಡಿಕೆ ಅಗಿಯುವುದು ನಿಲ್ಲಿಸಿ ಕೇಳಿದರು, "ಮತ್ತ ಆ ಹುಟ್ಟಿದ ಮಗ ಏನಾದಾರಿ?"

22 ವರ್ಷ ಕೂಡ ಸರಿಯಾಗಿ ಬದುಕಲಿಲ್ಲ ಅಂದೆ. 1615ರಲ್ಲಿ ತೊಕುಗಾವಾಗಳು ಒಸಾಕಾ ಕೋಟೆ ಹಿಡಿದಾಗ ಒಳಗೇ ಸತ್ತ. ತೊಯೊತೋಮಿ ಮನೆ ನಡೆಸಲಿಕ್ಕೆ ಆಮೇಲೆ ಯಾರೂ ಉಳಿಯಲಿಲ್ಲ.