ತೀರ್ಥಹಳ್ಳಿಯಿಂದ ಕರೆ ಬಂದಿದೆ

30 ನವೆಂಬರ್ 2025, ಭಾನುವಾರ
ಶಿವಮೊಗ್ಗ

ಅಡಿಕೆಯ ಕೊನೆಕೊಯ್ಲು ಶುರುವಾಗಿದೆ. ಹಾಗಾಗಿ ಇವತ್ತಿನ ಹಾಡಿನ ಪ್ರಾಕ್ಟೀಸಿಗೆ ಅರ್ಧ ಜನ ಬರಲಿಲ್ಲ. ತೋಟ ಇರುವವರಿಗೆ ಈಗ ಭಾನುವಾರ ಅನ್ನೋದೇ ಇರುವುದಿಲ್ಲ. ಕೊನೆಗಾರ ಸಿಕ್ಕ ದಿನವೇ ಕೊನೆ ಇಳಿಸಬೇಕು, ರಾತ್ರಿ ಸುಲಿಯುವವರ ಜೊತೆ ಕೂರಬೇಕು. ಹೊಸನಗರದ ಕಡೆಯ ಅಣ್ಣ ಮಾತ್ರ ಬಿಡಲಿಲ್ಲ. ಫೋನ್ ಮಾಡಿ, "ಸ್ಪೀಕರ್ ಹಾಕಿ ಮಧ್ಯದಲ್ಲಿ ಇಡ್ರೋ, ಇಲ್ಲಿಂದಲೇ ಕೇಳ್ತೀನಿ" ಅಂದರು. ತಾಳ ತಪ್ಪಿದಾಗಲೆಲ್ಲ ಫೋನಿನೊಳಗಿಂದ "ಏಯ್, ನಿಧಾನ" ಅಂತ ಕೂಗುತ್ತಿದ್ದರು.

ನಮ್ಮ ತಂಡದ ಒಬ್ಬನ ಅಮ್ಮ ನಮ್ಮನ್ನೆಲ್ಲ ಮನೆಗೆ ಕರೆದಿದ್ದಾರೆ. ತೀರ್ಥಹಳ್ಳಿ ಹತ್ತಿರದ ಮನೆ. ಎಳ್ಳಮಾವಾಸ್ಯೆ ಜಾತ್ರೆಗೆ ಬನ್ನಿ, ಬಂದವರು ಸುಮ್ನೆ ಉಂಡು ಹೋಗಬೇಡಿ, ನಮ್ಮ ಅಂಗಳದಲ್ಲಿ ಹಾಡಿ ಅಂದಿದ್ದಾರೆ. ಜಾತ್ರೆ ಅಂದರೆ ಮನೆ ತುಂಬ ನೆಂಟರು. ಮಗ ಗೇ ಅನ್ನೋದು ಆ ಅಮ್ಮನಿಗೆ ಗೊತ್ತು. ಅವನ ಜೊತೆ ಹಾಡುವ ನಾವೆಲ್ಲ ಗೇ ಅನ್ನೋದೂ ಗೊತ್ತು. ನೆಂಟರಿಗೆ ಗೊತ್ತಿಲ್ಲ. "ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯಮ್ಮ?" ಅಂತ ಮಗ ಕೇಳಿದ್ದಕ್ಕೆ, "ಇದ್ದದ್ದು ಹೇಳ್ತೀನಿ" ಅಂದರಂತೆ.

ಇಲ್ಲಿಯವರೆಗೆ ನಾವು ಹಾಡಿದ್ದೆಲ್ಲ ಕಿಟಕಿ ಹಾಕಿಕೊಂಡ ಕೋಣೆಯಲ್ಲಿ. ವಿನೋಬನಗರದಲ್ಲಿ ಒಬ್ಬ ಸ್ನೇಹಿತನ ಬಾಡಿಗೆ ಮನೆಯಲ್ಲಿ ಮೂರ್ನಾಲ್ಕು ಜನ ಸೇರಿ ಶುರು ಮಾಡಿದ್ದು. ಹಾಡಬೇಕು ಅಂತ ಸೇರಿದ್ದೂ ಅಲ್ಲ. ನಮ್ಮಂಥವರು ಈ ಊರಲ್ಲಿ ಭೇಟಿಯಾಗುವುದು ಒಂದೋ ಫೋನಿನ ಆ್ಯಪ್‌ನಲ್ಲಿ, ಇಲ್ಲಾ ಕತ್ತಲಲ್ಲಿ. ಕೂತು ಟೀ ಕುಡಿದು ಮಾತಾಡುವ ಒಂದು ಜಾಗ ಬೇಕಿತ್ತು. ಆ ಮನೆಯಲ್ಲಿ ಹಳೇ ಹಾರ್ಮೋನಿಯಂ ಇತ್ತು. ಒಬ್ಬ ಭಜನಾ ಮಂಡಳಿಯಲ್ಲಿ ಹಾಡಿ ಬೆಳೆದವನು, ಇನ್ನೊಬ್ಬನಿಗೆ ಯಕ್ಷಗಾನದ ಹುಚ್ಚು. ಮಾತು ನಿಂತಾಗ ಹಾಡು ಶುರುವಾಯಿತು. ಆಮೇಲೆ ಒಬ್ಬ ಇನ್ನೊಬ್ಬನನ್ನು ಕರೆತಂದ. ಭದ್ರಾವತಿಯಿಂದ ಬಂದರು, ಸಾಗರದಿಂದ ಬಂದರು. "ನನಗೆ ಹಾಡೋಕೆ ಬರಲ್ಲ" ಅನ್ನುತ್ತ ಬಂದವರೇ ಜಾಸ್ತಿ. ಆ ಮನೆಯ ಮಾಲೀಕರು, ಬರೀ ಗಂಡಸರು ಸೇರಿ ಏನು ಮಾಡ್ತೀರಿ ಅಂತ ಕೇಳತೊಡಗಿದ ಮೇಲೆ ಜಾಗ ಬದಲಾಯಿತು.

ಹಾಡುವುದರಲ್ಲಿ ನಮಗೆ ಎದುರಾದ ದೊಡ್ಡ ತೊಂದರೆ ಶ್ರುತಿ. ಒಬ್ಬನಿಗೆ ಹಾರ್ಮೋನಿಯಂನ ಕಪ್ಪು ಎರಡನೇ ಮನೆಯ ಎತ್ತರ ಬೇಕು, ಇನ್ನೊಬ್ಬನ ದನಿ ಬಿಳಿ ಒಂದರ ಮೇಲೆ ಏಳುವುದೇ ಇಲ್ಲ. ಎಲ್ಲರೂ ಒಂದೇ ರಾಗವನ್ನು ಒಂದೇ ಎತ್ತರದಲ್ಲಿ ಹಾಡಿದರೆ ಅರ್ಧ ಜನ ಕಿರುಚಬೇಕು, ಇಲ್ಲಾ ಉಳಿದರ್ಧ ಜನ ಗೊಣಗಬೇಕು. ಪಶ್ಚಿಮದ ಗಂಡಸರ ಕೋರಸ್‌ನಲ್ಲಿ ಇದಕ್ಕೆ ದಾರಿ ಇದೆ. ದನಿಗಳನ್ನು ನಾಲ್ಕು ಭಾಗ ಮಾಡುತ್ತಾರೆ. ಮೇಲೆ ಎರಡು ಟೆನರ್, ಅದರ ಕೆಳಗೆ ಬ್ಯಾರಿಟೋನ್, ಎಲ್ಲಕ್ಕೂ ಕೆಳಗೆ ಬೇಸ್. ಪ್ರತಿ ಭಾಗಕ್ಕೂ ಅದರದೇ ಸ್ವರಗಳು. ನಮ್ಮ ಹಾಡುಗಳಿಗೆ ಅದನ್ನು ಹಾಗೇ ಹಚ್ಚಲು ಹೋದರೆ ಹಾಡಿನ ಮುಖವೇ ಬದಲಾಗುತ್ತದೆ. ನಾವು ಮಾಡಿಕೊಂಡದ್ದು ಇಷ್ಟು: ತಗ್ಗು ದನಿಯವರು ಷಡ್ಜ, ಪಂಚಮ ಹಿಡಿದು ತಂಬೂರಿಯ ಕೆಲಸ ಮಾಡುತ್ತಾರೆ, ಉಳಿದವರು ಹಾಡುತ್ತಾರೆ. ಉದ್ದ ಸ್ವರ ಬಂದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬಾರದು. ಪಕ್ಕದವನು ತೆಗೆದುಕೊಂಡು ಬಂದ ಮೇಲೆ ನಾನು. ಆಗ ಸ್ವರ ಕಡಿಯುವುದೇ ಇಲ್ಲ. ಇದು ಮೊದಲ ಸಲ ಸರಿಯಾಗಿ ಕೂಡಿ ಬಂದ ದಿನ ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ.

ಇನ್ನೊಂದು ದಾರಿ ತೋರಿಸಿದವರು ಹೊಸನಗರದ ಅಣ್ಣ. ಅವರು ಚಿಕ್ಕಂದಿನಿಂದ ಅಂಟಿಗೆ-ಪಂಟಿಗೆ ಹಾಡಿದವರು. ದೀಪಾವಳಿಯಲ್ಲಿ ಊರಿನ ಗಂಡಸರು ದೇವರ ಮುಂದೆ ದೀಪ ಹಚ್ಚಿಕೊಂಡು, ರಾತ್ರಿಯಿಡೀ ಮನೆಮನೆಗೆ ಹೋಗಿ ಹಾಡುತ್ತಾರಲ್ಲ, ಅದು. ದೀಪ ದಾರಿಯಲ್ಲಿ ಆರಬಾರದು. ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯುವ ಹಾಡು ಹೇಳಬೇಕು. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಎಣ್ಣೆ ಎರೆದು, ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಮುಮ್ಮೇಳದವರು ಒಂದು ಸಾಲು ಹೇಳಿದರೆ ಹಿಮ್ಮೇಳದವರು ಅದನ್ನೇ ತಿರುಗಿ ಹೇಳಬೇಕು. ಹಿಮ್ಮೇಳಕ್ಕೆ ಹಾಡು ಬಾಯಿಪಾಠ ಇರಲೇಬೇಕೆಂದಿಲ್ಲ, ಕಿವಿ ಇದ್ದರೆ ಸಾಕು. ಹಾಡೋಕೆ ಬರಲ್ಲ ಅಂದವರನ್ನೆಲ್ಲ ಅಣ್ಣ ಹಿಮ್ಮೇಳಕ್ಕೆ ಎಳೆದುಕೊಂಡರು. ಈಗ ಅವರದೇ ದನಿ ಗಟ್ಟಿ.

ಮಲೆನಾಡಿನ ಗಂಡಸರು ಸಾಲಾಗಿ ನಿಂತು ಹಾಡುವುದು ಯಾರಿಗೂ ಹೊಸತಲ್ಲ. ಭಜನೆಗೆ ನಿಲ್ಲುತ್ತಾರೆ, ಹಬ್ಬಕ್ಕೆ ನಿಲ್ಲುತ್ತಾರೆ. ಆ ಸಾಲುಗಳಲ್ಲಿ ನಮ್ಮಂಥವರು ಯಾವತ್ತೂ ಇದ್ದೇ ಇದ್ದರು. ಅವರು ಅಂಥವರು ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ನಮ್ಮ ಸಾಲಿನಲ್ಲಿ ಅದು ಪಕ್ಕದವನಿಗೆ ಗೊತ್ತಿರುತ್ತದೆ. ಹೀಗೆ ಗೊತ್ತಿದ್ದು ಹಾಡುವಾಗ ಎದೆಯ ಭಾರವೇ ಬೇರೆ ಥರ ಇಳಿಯುತ್ತದೆ.

ತೀರ್ಥಹಳ್ಳಿಗೆ ಹೋಗಬೇಕೋ ಬೇಡವೋ ಅಂತ ಇವತ್ತು ತುಂಬಾ ಹೊತ್ತು ಮಾತಾಯಿತು. "ಇನ್ನೂ ತಯಾರಾಗಿಲ್ಲ, ಚೆನ್ನಾಗಿ ಕಲಿತ ಮೇಲೆ ಹೋಗೋಣ" ಅನ್ನುವವರಿದ್ದರು. ನಾನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಗೇ ಮೆನ್ಸ್ ಕೋರಸ್ ಕಥೆ ಹೇಳಿದೆ. ಈ ವಾರ ಅದರ ನೆನಪು ತಲೆಯಲ್ಲೇ ಇತ್ತು. 1978ರಲ್ಲಿ ಜಾನ್ ಸಿಮ್ಸ್ ಎಂಬ ಸಂಗೀತ ಮೇಷ್ಟ್ರು ಆ ತಂಡ ಕಟ್ಟಿದರು. ಅಕ್ಟೋಬರ್ 30ಕ್ಕೆ ಮೊದಲ ಪ್ರಾಕ್ಟೀಸ್. ಅದಾಗಿ ಒಂದು ತಿಂಗಳು ಕಳೆದಿರಲಿಲ್ಲ, ನವೆಂಬರ್ 27ರಂದು ಆ ಊರಿನ ಸಿಟಿ ಹಾಲ್ ಒಳಗೇ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ಹಾರ್ವಿ ಮಿಲ್ಕ್ ಇಬ್ಬರನ್ನೂ ಗುಂಡು ಹಾರಿಸಿ ಕೊಂದರು. ಮಿಲ್ಕ್ ತಾನು ಗೇ ಎಂದು ಹೇಳಿಕೊಂಡೇ ಚುನಾವಣೆ ಗೆದ್ದಿದ್ದವರು. ಆ ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಸಿಟಿ ಹಾಲ್‌ಗೆ ನಡೆದರು. ಅದರ ಮೆಟ್ಟಿಲ ಮೇಲೆ ನಿಂತು ಆ ಹೊಸ ತಂಡ ಮೆಂಡೆಲ್ಸನ್ ರಚನೆಯ ಒಂದು ಪ್ರಾರ್ಥನೆ ಹಾಡಿತು. ಅದೇ ಅವರು ಜನರ ಮುಂದೆ ಹಾಡಿದ ಮೊದಲ ಹಾಡು. ಅವರು ತಯಾರಾಗಿದ್ದರಾ? ಇರಲಿಕ್ಕಿಲ್ಲ. ಆ ಹೊತ್ತಿಗೆ ಅಲ್ಲಿ ಹಾಡು ಬೇಕಿತ್ತು, ಹಾಡಿದರು.

1981ರಲ್ಲಿ ಅದೇ ತಂಡ ದೇಶದ ಆ ತುದಿಯಿಂದ ಈ ತುದಿಗೆ ಪ್ರವಾಸ ಹೋಯಿತು. ಅವರು ಹಾಡುವುದನ್ನು ಕೇಳಿದವರು ತಮ್ಮ ತಮ್ಮ ಊರುಗಳಲ್ಲಿ ತಂಡ ಕಟ್ಟಿದರು. ಇವತ್ತು ಅಂಥ ತಂಡಗಳು ನೂರಕ್ಕೂ ಹೆಚ್ಚಿವೆ. ಇದಕ್ಕೂ ಮೊದಲೇ, 1975ರಲ್ಲಿ, ಫಿಲಡೆಲ್ಫಿಯಾದಲ್ಲಿ ಆನಾ ಕ್ರೂಸಿಸ್ ಎಂಬ ಹೆಂಗಸರ ತಂಡ ಹಾಡಲು ಶುರು ಮಾಡಿತ್ತು. ಗಂಡಸರ ಕಥೆ ಹೇಳುವ ಭರದಲ್ಲಿ ಆ ಹೆಂಗಸರನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಏಡ್ಸ್ ಬಂತು. ಸಿಮ್ಸ್ 1984ರಲ್ಲಿ ತೀರಿಕೊಂಡರು. ವರ್ಷಗಳು ಕಳೆದಂತೆ ಆ ಒಂದೇ ತಂಡ ಕಳೆದುಕೊಂಡವರ ಸಂಖ್ಯೆ 300 ದಾಟಿತು. 1993ರಲ್ಲಿ ತೆಗೆದ ಒಂದು ಫೋಟೋ ಇದೆ. ವೇದಿಕೆ ತುಂಬ ಕಪ್ಪು ಬಟ್ಟೆಯ ಗಂಡಸರು ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಬಿಳಿ ಬಟ್ಟೆ ತೊಟ್ಟು ಈ ಕಡೆ ಮುಖ ಮಾಡಿದವರು ಬೆರಳೆಣಿಕೆಯಷ್ಟು ಮಾತ್ರ. ಬೆನ್ನು ಮಾಡಿದವರೂ ಬದುಕಿದ್ದ ಹಾಡುಗಾರರೇ. ಸತ್ತ ಗೆಳೆಯರ ಜಾಗದಲ್ಲಿ ನಿಂತಿದ್ದರು. ಆ ಫೋಟೋವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ಎಚ್‌ಐವಿ ಔಷಧಿ ಈಗ ಉಚಿತವಾಗಿ ಸಿಗುತ್ತದೆ, ಜನ ಮಾತ್ರೆ ತಗೊಂಡು ಗಟ್ಟಿಯಾಗಿ ಬದುಕುತ್ತಾರೆ. ಅವರಿಗೆ ಆಗ ಆ ಮಾತ್ರೆ ಇರಲಿಲ್ಲ. ಆದರೂ ಒಂದು ಸಾವಿನಿಂದ ಇನ್ನೊಂದು ಸಾವಿನ ನಡುವೆ ಪ್ರಾಕ್ಟೀಸ್ ನಿಲ್ಲಿಸಲಿಲ್ಲ.

ಲಂಡನ್ನಿನ ತಂಡ ಹುಟ್ಟಿದ್ದು 1991ರ ಕ್ರಿಸ್‌ಮಸ್ ಹೊತ್ತಿಗೆ. ಒಂಬತ್ತು ಜನ ಏಂಜಲ್ ಎಂಬ ಸುರಂಗ ರೈಲಿನ ನಿಲ್ದಾಣದಲ್ಲಿ ನಿಂತು ಹಬ್ಬದ ಹಾಡು ಹಾಡಿ, ಏಡ್ಸ್ ರೋಗಿಗಳ ನೆರವಿಗೆ ದುಡ್ಡು ಕೂಡಿಸಿದರು. ಹಾಡಿ ಎಣ್ಣೆ, ಅಕ್ಕಿ ಕೂಡಿಸುವ ನಮ್ಮ ಅಣ್ಣನಿಗೆ ಇದು ಎಷ್ಟು ಹಿಡಿಸಿತು ಅಂದರೆ, ಫೋನಿನಲ್ಲೇ "ಇನ್ನೊಂದ್ಸಲ ಹೇಳು" ಅಂದರು.

ನಮ್ಮ ದೇಶದ ಕಥೆ ಎಲ್ಲರಿಗೂ ಗೊತ್ತಿರುವುದೇ. 2009ರಲ್ಲಿ ದೆಹಲಿ ಹೈಕೋರ್ಟ್ ನಮ್ಮ ಪರ ನಿಂತು, ನಮ್ಮಂಥವರ ಸಂಬಂಧ ಅಪರಾಧವಲ್ಲ ಅಂದಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತೆಗೆದುಹಾಕಿತು. ಅದರ ಮರುವರ್ಷವೇ, ಕಾನೂನು ಹಾಗಿದ್ದಾಗಲೇ, ಮುಂಬೈಯಲ್ಲಿ ರೇನ್‌ಬೋ ವಾಯ್ಸಸ್ ಎಂಬ ತಂಡ ಹಾಡಲು ಶುರು ಮಾಡಿತು. 2018ರ ಸೆಪ್ಟೆಂಬರ್ 6ರಂದು, ಅದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟಿನದೇ ತೀರ್ಪು ಬಂದಾಗ ನಾನು ಇಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲಿ ಓದಿದೆ. ಪಕ್ಕದಲ್ಲಿ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಅವತ್ತು ಈ ತಂಡ ಇದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ನನ್ನ ಮಾತೆಲ್ಲ ಮುಗಿದ ಮೇಲೆ ಸಾಗರದ ಹುಡುಗ ಕೇಳಿದ. "ಅವರೂರು ದೊಡ್ಡೂರು ಅಣ್ಣ. ಗುಂಪಲ್ಲಿ ಯಾರೂ ಯಾರನ್ನೂ ಕೇಳಲ್ಲ. ಇಲ್ಲಿ ಜನ ಮೊದಲು ಕೇಳೋದೇ ನೀನು ಯಾರ ಮನೆ ಹುಡುಗ ಅಂತ. ನನ್ನ ಅತ್ತೆ ಕೊಟ್ಟಿರೋದು ತೀರ್ಥಹಳ್ಳಿಗೆ. ಮನೇಲಿ ಹೆಣ್ಣು ನೋಡ್ತಿದ್ದಾರೆ. ನಾನು ಏನು ಹೇಳಲಿ?"

ಅವನು ಹೇಳಿದ್ದು ನಿಜ. ನಮ್ಮ ಮಲೆನಾಡಿನಲ್ಲಿ ಹತ್ತು ಮನೆ ಆಚೆ ಹೋದರೂ ಒಂದು ನೆಂಟಸ್ತಿಕೆ ಹೊರಡುತ್ತದೆ. ಧೈರ್ಯ ಮಾಡು ಅಂತ ಹೇಳುವುದು ಸುಲಭ, ಆದರೆ ನಾಳೆ ಮನೆಯಲ್ಲಿ ಅಪ್ಪನ ಎದುರು ಕೂರಬೇಕಾದವನು ಅವನು. ಯಾರನ್ನೂ ತಳ್ಳಿ ಅಂಗಳಕ್ಕೆ ನಿಲ್ಲಿಸಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಹಾಗೆಯೇ, ಒಬ್ಬನಿಗೆ ಆಗುವುದಿಲ್ಲ ಅಂತ ಎಲ್ಲರೂ ಕಿಟಕಿ ಹಾಕಿಕೊಂಡು ಕೂತರೆ ಅವನಿಗೂ ಅದರಿಂದ ಉಪಕಾರವಾಗುವುದಿಲ್ಲ. ಇದನ್ನು ಅವನಿಗೇ ಹೇಳಿದೆ. ಅವನು ಸ್ವಲ್ಪ ಹೊತ್ತು ಹಾರ್ಮೋನಿಯಂ ಮನೆಗಳ ಮೇಲೆ ಬೆರಳು ಆಡಿಸುತ್ತ ಕೂತಿದ್ದ. ಆಮೇಲೆ, "ನೀವು ಹೋಗಿ. ನಾನು ಈ ಸಲ ಬರಲ್ಲ. ಆದ್ರೆ ಹಾಡು ಕೂರಿಸೋವರೆಗೂ ಪ್ರಾಕ್ಟೀಸ್ ತಪ್ಪಿಸಲ್ಲ" ಅಂದ. ತಂಡದಲ್ಲಿ ಎಲ್ಲರಿಗಿಂತ ಒಳ್ಳೆಯ ಕಿವಿ ಅವನದು. ಅವನಿಲ್ಲದೆ ನಮಗೆ ಶ್ರುತಿ ನಿಲ್ಲುವುದೂ ಕಷ್ಟ.

ಹೋಗುವುದು ಅಂತ ತೀರ್ಮಾನವಾಯಿತು. ಜಾತ್ರೆಗೆ ಇನ್ನು ಮೂರು ವಾರವೂ ಇಲ್ಲ. ಅಣ್ಣ ಮುಮ್ಮೇಳಕ್ಕೆ ನಿಲ್ಲುತ್ತಾರೆ, ಅಷ್ಟರಲ್ಲಿ ಅವರ ಕೊಯ್ಲು ಒಂದು ಹಂತಕ್ಕೆ ಬರಬೇಕು. ಮೂರು ಹಾಡು ಸಾಕು. ಬೆಳಿಗ್ಗೆ ಬಸ್ಸಿಗೆ ಹೊರಟರೆ ಗಾಜನೂರು, ಮಂಡಗದ್ದೆ ದಾಟಿ ಊಟದ ಹೊತ್ತಿಗೆ ಮುಂಚೆ ತಲುಪುತ್ತೇವೆ. ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆವು. "ಎಷ್ಟು ಜನ ಅಂತ ಸರಿಯಾಗಿ ಹೇಳಿ, ಕೊಟ್ಟೆ ಕಡುಬಿಗೆ ಎಲೆ ಕೊಯ್ಯಬೇಕು" ಅಂದರು. ಪಾಪ, ಅವರಿಗೂ ಒಳಗೊಳಗೆ ಅಳುಕು ಇರಬೇಕು. "ನಿಮ್ಮ ಮಾವನಿಗೆ ನಾನು ಮೊದಲೇ ಹೇಳಿಡ್ತೀನಿ, ಉಳಿದವರದ್ದು ಆಮೇಲೆ ನೋಡೋಣ" ಅಂತ ಮಗನಿಗೆ ಎರಡು ಸಲ ಹೇಳಿದರು.

ಬುಧವಾರ ಸಂಜೆ ಇನ್ನೊಂದು ಪ್ರಾಕ್ಟೀಸ್ ಇಟ್ಟುಕೊಂಡಿದ್ದೇವೆ. ಎರಡನೇ ಹಾಡಿನ ಕೊನೆ ಸಾಲಿನಲ್ಲಿ ಎಲ್ಲರೂ ಓಡುತ್ತಿದ್ದಾರೆ, ಅದನ್ನು ಹಿಡಿಯಬೇಕು. ಬಿಳಿ ಜುಬ್ಬಾ ಇಲ್ಲದವರಿಗೆ ಗಾಂಧಿ ಬಜಾರಿನಿಂದ ತರಬೇಕು. ಸಾಗರದ ಹುಡುಗ ಅಳತೆ ಬರೆದುಕೊಳ್ಳುವಾಗ ತನ್ನದನ್ನೂ ಬರೆದುಕೊಂಡ. ಯಾರೂ ಏನೂ ಕೇಳಲಿಲ್ಲ.